ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ

ಶ್ರವಣಬೆಳ್ಗೊಳದ ಚಿಕ್ಕಬೆಟ್ಟದ ಬಡಗಣ ಮಗ್ಗುಲಿಗೆ ಜಿನನಾಥಪುರವೆಂಬ ಪುಟ್ಟ ಊರಿದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು 1117ರ ಸುಮಾರಿಗೆ ನೆಲೆಗೊಳಿಸಿದ ಊರು ಅದು. ಗೊಮ್ಮಟನ ದರ್ಶನಕ್ಕೆಂದು ಬರುವ ಯಾತ್ರಿಕರಲ್ಲಿ ಬಹುಮಂದಿ ಅತ್ತ ತಿರುಗುವುದಿಲ್ಲ. ಅಲ್ಲಿಯ ಶಾಂತಿನಾಥ ಬಸದಿಯನ್ನು ಮತ್ತೊಮ್ಮೆ ನೋಡಬೇಕೆಂಬ ಆಸೆಯಿಂದ ಈಚೆಗೊಂದು ಭಾನುವಾರದ ಸಂಜೆ ನಾನು ಆ ದಾರಿ ಹಿಡಿದೆ.

ಊರ ಹೊರಗೆ, ಬೆಳೆ ತೆಗೆದು ಬರಿದಾಗಿದ್ದ ಒಂದು ಹೊಲದಲ್ಲಿ ಹತ್ತು ಹನ್ನೆರಡು ಮಂದಿ ಹುಡುಗರು ಕಾಲ್ಚೆಂಡಾಡುತ್ತಿದ್ದರು. ಗೋಲಿನ ಕಂಬಗಳ ಬದಲಿಗೆ ಎರಡೆರಡು ಕಲ್ಲು. ಅರ್ಧ ಗಾಳಿ ಹೋದ ಚೆಂಡು. ಅವರಲ್ಲೊಬ್ಬನು ಎಡಗಾಲಿನಲ್ಲಿ ಚೆಂಡನ್ನು ತಡೆದು, ತಿರುಗಿ, ಬಲಗಾಲಿನಿಂದ ಒದ್ದ ಬಗೆ ಸೊಗಸಾಗಿತ್ತು. ಆಟ ನಿಂತಾಗ ಅವನನ್ನು ಕರೆದು, “ನಿಮಗೆ ಹೇಳಿಕೊಡೋರು ಯಾರಪ್ಪಾ?” ಎಂದು ಕೇಳಿದೆ.

“ಈಗ ಯಾರೂ ಇಲ್ಲ ಸಾರ್. ಕಾಲೇಜಿನಲ್ಲಿ ಒಬ್ಬರು ಕೋಚ್ ಇದ್ದರು. ಮ್ಯಾಚ್ ಸೋತಮೇಲೆ ತೆಗೆದುಬಿಟ್ಟರು.”

“ಅವರ ಜಾಗಕ್ಕೆ ಬೇರೆಯವರು ಬರಲಿಲ್ಲವೆ?”

“ಬಂದರು ಸಾರ್. ಅವರೂ ಹೋದರು.”

ಅವನ ದನಿಯಲ್ಲಿ ದೂರು ಇರಲಿಲ್ಲ. ಮಳೆ ಬಂತು, ಹೋಯಿತು ಎನ್ನುವಂತೆ ಹೇಳಿದ. ಆ ಮಾತು ನನ್ನನ್ನು ನಾಟಿತು. ಏಕೆಂದರೆ ಅಂಥದೇ ಒಬ್ಬರನ್ನು ಒಂದು ಕಾಲದಲ್ಲಿ ತೆಗೆದವರಲ್ಲಿ ನಾನೂ ಒಬ್ಬ.

ಇಪ್ಪತ್ತು ವರ್ಷಗಳಿಗೂ ಹಿಂದಿನ ಸಂಗತಿ. ನಾನು ಆಗ ಕನ್ನಡ ಪಾಠ ಹೇಳುತ್ತಿದ್ದ ಕಾಲೇಜಿನ ಕ್ರೀಡಾ ಸಮಿತಿಯಲ್ಲಿ ನನ್ನದೂ ಒಂದು ಹೆಸರಿತ್ತು. ಆ ವರ್ಷ ಕಾಲ್ಚೆಂಡಿನ ತಂಡವನ್ನು ಬಲಪಡಿಸಬೇಕೆಂದು ಒಬ್ಬ ತರಬೇತುದಾರರನ್ನು ಗೊತ್ತುಮಾಡಿದ್ದೆವು. ಮಧ್ಯವಯಸ್ಸಿನವರು, ಮಿತಭಾಷಿ. ಬೆಳಗಿನ ಮೊದಲ ಬಸ್ಸಿಗೆ ಬಂದು, ಹುಡುಗರು ಮೈದಾನಕ್ಕೆ ಇಳಿಯುವ ಹೊತ್ತಿಗೆ ಸುಣ್ಣದ ಗೆರೆ ಎಳೆದು ಸಿದ್ಧರಾಗಿರುತ್ತಿದ್ದರು. ಎಂಟು ತಿಂಗಳು ಕಳೆಯಿತು. ಅಂತರ ಕಾಲೇಜು ಪಂದ್ಯಾವಳಿಯಲ್ಲಿ ನಮ್ಮ ತಂಡ ಮೊದಲ ಸುತ್ತಿನಲ್ಲಿಯೇ ಸೋತು ಮರಳಿತು. ಸಮಿತಿ ಸೇರಿತು. ಅಂದಿನ ಕಾರ್ಯಕಲಾಪಗಳಲ್ಲಿ ಅದು ನಾಲ್ಕನೆಯ ವಿಷಯ. ಮೂರನೆಯದು ವಾರ್ಷಿಕೋತ್ಸವದ ಶಾಮಿಯಾನದ ಬಾಡಿಗೆ. ಶಾಮಿಯಾನಕ್ಕೆ ಅರ್ಧ ಗಂಟೆ ಹಿಡಿಯಿತು, ತರಬೇತುದಾರರಿಗೆ ಐದು ನಿಮಿಷ. ಒಬ್ಬರು ಸೂಚಿಸಿದರು, ನಾನು ಅನುಮೋದಿಸಿದೆ. ಅವರನ್ನು ಕರೆದು ಒಂದು ಮಾತು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಮರುದಿನ ಅವರು ಬಂದು ಸೀಟಿಯನ್ನೂ ಚೆಂಡುಗಳನ್ನೂ ಎಣಿಸಿ ಒಪ್ಪಿಸಿ ಹೋದರು. ಅವುಗಳೊಡನೆ ಒಂದು ನೋಟುಪುಸ್ತಕವನ್ನೂ ಇಟ್ಟುಹೋಗಿದ್ದರು. ಜವಾನ ಅದನ್ನು ನನ್ನ ಮೇಜಿಗೆ ತಂದಿಟ್ಟ. ಹುಡುಗನೊಬ್ಬನಿಗೆ ಒಂದು ಪುಟ. ಯಾರಿಗೆ ಯಾವ ಕಾಲು ಬಲ, ಯಾರಿಗೆ ಉಸಿರು ಸಾಲದು, ಯಾರು ಮನೆಯಲ್ಲಿ ಹಾಲು ಕರೆದು ಬರುವುದರಿಂದ ತಡವಾಗುತ್ತಾನೆ, ಅವನನ್ನು ಗದರಿಸಬಾರದು ಎಂಬಿಷ್ಟು ವಿವರ. ಪ್ರತಿಯೊಂದು ಪುಟದ ಕೆಳಗೆ ಒಂದು ಅವಧಿ. “ಎಡಗಾಲು ಹತೋಟಿಗೆ ಬರಲು ಎರಡು ವರ್ಷ.” “ತಲೆಯಿಂದ ಹೊಡೆಯುವ ಭಯ ಬಿಡಲು ಒಂದು ವರ್ಷ.” “ಇವನು ಮೂರನೆಯ ವರ್ಷ ನಾಯಕನಾಗಬಲ್ಲ.” ಅವರು ಮೂರು ವರ್ಷದ ಲೆಕ್ಕ ಇಟ್ಟುಕೊಂಡು ಕೆಲಸ ಮಾಡುತ್ತಿದ್ದರು, ನಾವು ಎಂಟು ತಿಂಗಳಿಗೆ ಫಲ ಕೇಳಿದ್ದೆವು. ಆ ಪುಸ್ತಕವನ್ನು ಅವರಿಗೆ ಹಿಂತಿರುಗಿಸುವ ಧೈರ್ಯ ನನಗೆ ಬರಲಿಲ್ಲ. ಇಂದಿಗೂ ಅದು ನನ್ನ ಬಳಿ ಇದೆ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ನಮ್ಮ ಗಾದೆ ಎಲ್ಲರಿಗೂ ಗೊತ್ತು. ದೊಣ್ಣೆ ಹಿಡಿದ ಕೈ ನನ್ನದೇ ಆಗಿದ್ದರಿಂದ ಈ ವಿಷಯವನ್ನು ಕುರಿತು ನಾಲ್ಕು ಮಾತು ಬರೆಯಲು ನನಗೆ ಹಕ್ಕಿಲ್ಲದಿದ್ದರೂ ಋಣವಿದೆ ಎಂದು ಭಾವಿಸಿದ್ದೇನೆ.

ಇದು ನಮ್ಮ ಸೀಮೆಯ ಕಾಲೇಜುಗಳಿಗೆ ಮಾತ್ರ ಅಂಟಿದ ರೋಗವೆಂದು ವಾಚಕರು ತಿಳಿಯಬಾರದು. ಇದರ ಪರಾಕಾಷ್ಠೆಯನ್ನು ಕಾಣಬೇಕಾದರೆ ಅಮೆರಿಕದ ಕಡೆ ನೋಡಬೇಕು. ಅಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ನಡುವೆ ನುಗ್ಗುವ ಆಟ. ಕಾಲೇಜು ತಂಡಗಳು ಅದನ್ನು ಆಡುವಾಗ ಒಂದೊಂದು ಕ್ರೀಡಾಂಗಣದಲ್ಲಿ ಲಕ್ಷ ಜನ ಸೇರುವುದುಂಟು. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾನಿಲಯವು ಜಿಂಬೋ ಫಿಷರ್ ಎಂಬ ತರಬೇತುದಾರರನ್ನು 2017ರಲ್ಲಿ ಹತ್ತು ವರ್ಷದ ಕರಾರಿನ ಮೇಲೆ ಕರೆತಂದಿತು. 2021ರಲ್ಲಿ ಆ ಕರಾರನ್ನು 2031ರವರೆಗೆ ಬೆಳೆಸಿತು. 2023ರ ನವೆಂಬರಿನಲ್ಲಿ ಕೆಲಸದಿಂದ ತೆಗೆಯಿತು. ಉಳಿದ ಅವಧಿಗೆ ಕೊಡಬೇಕಾದ ಹಣ ಏಳೂವರೆ ಕೋಟಿ ಡಾಲರಿಗೂ ಹೆಚ್ಚು. ಲೂಯಿಸಿಯಾನ ರಾಜ್ಯದ ವಿಶ್ವವಿದ್ಯಾನಿಲಯವು 2021ರ ಕೊನೆಯಲ್ಲಿ ಹತ್ತು ವರ್ಷಕ್ಕೆಂದು ಕರೆತಂದ ಬ್ರಯನ್ ಕೆಲಿಯವರನ್ನು 2025ರ ಅಕ್ಟೋಬರಿನಲ್ಲಿ, ಋತುವಿನ ನಟ್ಟನಡುವೆ, ಹೊರಗೆ ಕಳುಹಿಸಿತು. ವಿದ್ಯಾದಾನಕ್ಕೆಂದು ಹುಟ್ಟಿದ ಸಂಸ್ಥೆಗಳು ಒಬ್ಬನನ್ನು ಕೆಲಸ ಮಾಡದಿರುವಂತೆ ಮಾಡಲು ಇಷ್ಟು ಹಣ ತೆರುತ್ತವೆ ಎಂಬುದು ವಿಚಿತ್ರವಾದರೂ ನಿಜ.

ಇಷ್ಟು ವೆಚ್ಚಮಾಡಿ ಪಡೆಯುವ ಫಲವಾದರೂ ಏನು? ಸ್ಕಾಟ್ ಆಡ್ಲರ್, ಮೈಕೆಲ್ ಬೆರ್ರಿ, ಡೇವಿಡ್ ಡೊಹರ್ಟಿ ಎಂಬ ಮೂವರು ವಿದ್ವಾಂಸರು ಈ ಪ್ರಶ್ನೆಯನ್ನು ಎತ್ತಿಕೊಂಡು, ಅಮೆರಿಕದ ಕಾಲೇಜು ತಂಡಗಳ ಹಲವು ವರ್ಷಗಳ ಫಲಿತಾಂಶಗಳನ್ನು ಪರಿಶೀಲಿಸಿ 2013ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಸೋತು ತರಬೇತುದಾರರನ್ನು ಬದಲಿಸಿದ ತಂಡಗಳನ್ನು, ಅಷ್ಟೇ ಸೋತರೂ ಬದಲಿಸದೆ ಇದ್ದ ತಂಡಗಳೊಡನೆ ಹೋಲಿಸಿ ನೋಡಿದರು. ತೀರ ಕೆಳಗಿದ್ದ ತಂಡಗಳಿಗೆ ಬದಲಾವಣೆಯಿಂದ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ. ನಡುಮಟ್ಟದಲ್ಲಿದ್ದ ತಂಡಗಳು ಬದಲಾವಣೆಯ ಅನಂತರ ಇನ್ನೂ ಕೆಳಗಿಳಿದವು. ಹಾಲೆಂಡಿನ ಕಾಲ್ಚೆಂಡು ತಂಡಗಳ ಹದಿನೆಂಟು ವರ್ಷಗಳ ಲೆಕ್ಕವನ್ನು ನೋಡಿದ ಬಾಸ್ ಟೆರ್ ವೇಲ್ ಎಂಬ ಅರ್ಥಶಾಸ್ತ್ರಜ್ಞರೂ 2011ರಲ್ಲಿ ಇದಕ್ಕೆ ಹತ್ತಿರದ ನಿರ್ಣಯಕ್ಕೇ ಬಂದಿದ್ದರು. ಹೊಸಬರು ಬಂದೊಡನೆ ತಂಡ ಚೇತರಿಸಿಕೊಂಡಂತೆ ತೋರುತ್ತದೆ. ಹಳಬರನ್ನೇ ಉಳಿಸಿಕೊಂಡ ತಂಡಗಳೂ ಅದೇ ಬಗೆಯಲ್ಲಿ ಚೇತರಿಸಿಕೊಳ್ಳುತ್ತವೆ. ಜ್ವರ ತಾನಾಗಿ ಇಳಿಯುವ ದಿನ ತಾಯಿತ ಕಟ್ಟಿದವನಿಗೆ ಕೀರ್ತಿ ಬರುವ ಹಾಗೆ.

ಅದೇ ಅಮೆರಿಕದಲ್ಲಿ ನಿಕ್ ಸೇಬನ್ ಎಂಬವರು 2007ರಲ್ಲಿ ಅಲಬಾಮ ವಿಶ್ವವಿದ್ಯಾನಿಲಯಕ್ಕೆ ಬಂದರು. ಮೊದಲ ವರ್ಷ ಮೈದಾನದಲ್ಲಿ ಕಂಡದ್ದು ಏಳು ಗೆಲುವು, ಆರು ಸೋಲು. ಅವರನ್ನು ಆ ವರ್ಷವೇ ಕಳುಹಿಸಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಕಳುಹಿಸಲಿಲ್ಲ. ಅವರು ಅಲ್ಲಿ ಹದಿನೇಳು ಋತುಗಳಿದ್ದು, ಆರು ಬಾರಿ ರಾಷ್ಟ್ರದ ಚಾಂಪಿಯನ್ ಪಟ್ಟವನ್ನು ತಂದುಕೊಟ್ಟು, 2024ರ ಜನವರಿಯಲ್ಲಿ ತಾವಾಗಿಯೇ ನಿವೃತ್ತರಾದರು.

ದೂರದ ಬೆಟ್ಟ ನುಣ್ಣಗೆ ಎನ್ನುವವರು ನಮ್ಮ ನಾಡಿನ ಕಡೆಗೇ ನೋಡಲಿ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ತಂಡವು ಮೊದಲಿನ ಏಳೂವರೆ ವರ್ಷಗಳಲ್ಲಿ ಮೂವರು ತರಬೇತುದಾರರನ್ನು ಕಂಡಿತು. ಆಶ್ಲಿ ವೆಸ್ಟ್‌ವುಡ್ ಅವರ ಕಾಲದಲ್ಲಿ ಎರಡು ಸಲ ಐ-ಲೀಗ್ ಗೆದ್ದಿತು. ಆಲ್ಬರ್ಟ್ ರೋಕಾ ಅವರ ಕಾಲದಲ್ಲಿ, 2016ರಲ್ಲಿ, ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿದ ಮೊದಲ ಭಾರತೀಯ ತಂಡವೆನಿಸಿತು. ರೋಕಾ ಹೋದಾಗ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರತ್ ಅವರಿಗೇ ಹೊಣೆ ವಹಿಸಲಾಯಿತು. ಹುಡುಗರನ್ನು ಬಲ್ಲವರು, ಹುಡುಗರು ಬಲ್ಲವರು. 2019ರ ಮಾರ್ಚಿನಲ್ಲಿ ತಂಡ ಐ.ಎಸ್.ಎಲ್. ಕಿರೀಟ ಧರಿಸಿತು. ಒಂದರ ಮೇಲೊಂದು ಮೂರು ಸೋಲು ಬಂದವು, 2021ರ ಜನವರಿಯಲ್ಲಿ ಕ್ವಾದ್ರತ್ ಹೊರಟರು. ಅಲ್ಲಿಂದ 2023ರ ಕೊನೆಯೊಳಗೆ ಆ ಜಾಗದಲ್ಲಿ ಹಂಗಾಮಿಯಾಗಿ ನೌಷಾದ್ ಮೂಸಾ, ಬಳಿಕ ಜರ್ಮನಿಯ ಮಾರ್ಕೊ ಪೆಜ್ಜಾಯುವೊಲಿ, ಬಳಿಕ ಇಂಗ್ಲೆಂಡಿನ ಸೈಮನ್ ಗ್ರೇಸನ್, ಬಳಿಕ ಸ್ಪೇನಿನ ಜೆರಾರ್ಡ್ ಜರಗೋಜಾ ಬಂದರು. ಗ್ರೇಸನ್ ಅವರ ತಂಡ 2022ರಲ್ಲಿ ಡ್ಯುರಾಂಡ್ ಕಪ್ ಗೆದ್ದಿತು, 2023ರ ಮಾರ್ಚಿನಲ್ಲಿ ಐ.ಎಸ್.ಎಲ್. ಅಂತಿಮ ಪಂದ್ಯವನ್ನಾಡಿ ಪೆನಾಲ್ಟಿಗಳಲ್ಲಿ ಸೋತಿತು. ಅದೇ ಡಿಸೆಂಬರಿನಲ್ಲಿ ಅವರ ಕೆಲಸ ಹೋಯಿತು. ಒಂಬತ್ತು ತಿಂಗಳಲ್ಲಿ ಒಬ್ಬ ಮನುಷ್ಯ ತನ್ನ ವಿದ್ಯೆಯನ್ನು ಮರೆತುಬಿಟ್ಟನೆ?

ಹಾಕಿಯ ಕತೆ ಇನ್ನೂ ಮನಗಾಣುವಂಥದು. ಬೆಳ್ಗೊಳದಲ್ಲಿ ಗೊಮ್ಮಟನ ಮಹಾಮಸ್ತಕಾಭಿಷೇಕ 2006ರಲ್ಲಿ ಒಮ್ಮೆ ನಡೆಯಿತು, ಮತ್ತೆ 2018ರಲ್ಲಿ ನಡೆಯಿತು. ಆ ಎರಡು ಅಭಿಷೇಕಗಳ ನಡುವಣ ಹನ್ನೆರಡು ವರ್ಷಗಳಲ್ಲಿ, ನಮ್ಮವರನ್ನು ಬಿಟ್ಟು ಬರಿಯ ಹೊರದೇಶದವರನ್ನು ಎಣಿಸಿದರೂ, ಭಾರತದ ಪುರುಷರ ಹಾಕಿ ತಂಡಕ್ಕೆ ಆರು ಮಂದಿ ಮುಖ್ಯ ತರಬೇತುದಾರರು ಬಂದರು: ಹೊಸೆ ಬ್ರಾಸಾ, ಮೈಕೆಲ್ ನಾಬ್ಸ್, ಟೆರಿ ವಾಲ್ಷ್, ಪೌಲ್ ವಾನ್ ಆಸ್, ರೋಲಂಟ್ ಓಲ್ಟ್‌ಮನ್ಸ್, ಶೋರ್ಡ್ ಮರೀನ್. ವಾಲ್ಷ್ ಅವರ ಮಾರ್ಗದರ್ಶನದಲ್ಲಿ ತಂಡ 2014ರ ಅಕ್ಟೋಬರಿನಲ್ಲಿ ಏಷ್ಯನ್ ಕ್ರೀಡೆಗಳ ಚಿನ್ನವನ್ನು 16 ವರ್ಷಗಳ ತರುವಾಯ ಗೆದ್ದಿತು. ಮುಂದಿನ ತಿಂಗಳು ವಾಲ್ಷ್ ಇರಲಿಲ್ಲ. ಅವರ ತರುವಾಯ 2015ರಲ್ಲಿ ಬಂದ ವಾನ್ ಆಸ್ ಕೆಲವೇ ತಿಂಗಳುಗಳಲ್ಲಿ ಹೊರಬಿದ್ದರು.

ನಮ್ಮ ಅರಕಲಗೂಡಿಗೆ ನೆರೆಯಾದ ಸೋಮವಾರಪೇಟೆಯ ಎಸ್. ವಿ. ಸುನಿಲ್ ಅವರು ಭಾರತದ ಪರವಾಗಿ ಆಡತೊಡಗಿದ್ದು 2007ರಲ್ಲಿ, ನಿವೃತ್ತರಾದದ್ದು 2021ರಲ್ಲಿ. ಈ ಆರು ಮಂದಿಯ ಆರು ಪದ್ಧತಿಗಳನ್ನೂ ಕಂಡುಂಡವರು ಅವರು. ಒಬ್ಬ ಗುರು ಎಡಕ್ಕೆ ಓಡು ಎಂದದ್ದನ್ನು ಮುಂದಿನವರು ಬಲಕ್ಕೆ ಓಡು ಎಂದಾಗ, ಹಳೆಯದನ್ನು ಮರೆತು ಹೊಸದನ್ನು ಕಲಿಯುವ ಶ್ರಮವೆಲ್ಲ ಆಟಗಾರನದು. ಅವನ ಪ್ರಾಯವಾದರೋ ಯಾರಿಗಾಗಿಯೂ ಕಾಯುವುದಿಲ್ಲ. ತರಬೇತುದಾರರ ಬದಲಾವಣೆಯ ಸುದ್ದಿಯನ್ನು ಓದುವಾಗ ಹೋದವನನ್ನು ಕುರಿತು ನಾವು ಮರುಗುತ್ತೇವೆ, ಬಂದವನನ್ನು ಕುರಿತು ಕುತೂಹಲಪಡುತ್ತೇವೆ. ನಡುವೆ ನಿಂತ ಆಟಗಾರನ ವರ್ಷಗಳು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಮೇಲಿನ ಪಟ್ಟಿಯ ಕೊನೆಯವರಾದ ಮರೀನ್ ಅವರ ಸಂಗತಿ ವಿಚಾರಾರ್ಹ. 2017ರಲ್ಲಿ ಮಹಿಳೆಯರ ತಂಡಕ್ಕೆಂದು ಬಂದವರನ್ನು ಅದೇ ವರ್ಷ ಪುರುಷರ ತಂಡಕ್ಕೆ ಎಳೆದರು. 2018ರಲ್ಲಿ ಕಾಮನ್‌ವೆಲ್ತ್ ಕ್ರೀಡೆಗಳಿಂದ ಬರಿಗೈಯಲ್ಲಿ ಬಂದೊಡನೆ ಮತ್ತೆ ಮಹಿಳೆಯರ ತಂಡಕ್ಕೆ ದಾಟಿಸಿದರು. ಅಲ್ಲಿ ಅವರಿಗೆ ಮೂರು ವರ್ಷ ದೊರೆಯಿತು. 2021ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ಆ ಹೆಣ್ಣುಮಕ್ಕಳು ನಾಲ್ಕನೆಯ ಸ್ಥಾನ ಪಡೆದು ದೇಶದ ಕಣ್ಣು ತೆರೆಸಿದರು. ಅದೇ ಕ್ರೀಡಾಕೂಟದಲ್ಲಿ ಪುರುಷರು ಕಂಚಿನ ಪದಕ ಗೆದ್ದರು, ಕೊಡಗಿನ ಎಂ. ಎಂ. ಸೋಮಯ್ಯನವರಿದ್ದ ತಂಡ 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ತಂದ 41 ವರ್ಷಗಳ ಮೇಲೆ ಬಂದ ಪದಕ ಅದು. ಆಗ ಅವರ ತರಬೇತುದಾರರಾಗಿದ್ದ ಗ್ರಹಮ್ ರೀಡ್ 2019ರ ಏಪ್ರಿಲ್ಲಿನಿಂದ ಆ ಹುದ್ದೆಯಲ್ಲಿ ನಿಂತವರು. ಮನುಷ್ಯರು ಅವರೇ, ಅವರಿಗೆ ಸಿಕ್ಕ ಕಾಲ ಬೇರೆ.

ಸೋತ ಗುರುವನ್ನು ಉಳಿಸಿಕೊಂಡ ದೃಷ್ಟಾಂತ ನಮ್ಮಲ್ಲಿ ಇಲ್ಲದಿಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಭಾರತದ ಕಾಲ್ಚೆಂಡು ತಂಡ ಯುಗೋಸ್ಲಾವಿಯದ ಎದುರಿಗೆ 10–1ರಿಂದ ಸೋತಿತು. ನಮ್ಮ ಆಟಗಾರರಲ್ಲಿ ಹಲವರ ಕಾಲಿಗೆ ಬೂಟೂ ಇರಲಿಲ್ಲ. ಹತ್ತು ಗೋಲು ತಿಂದ ತಂಡದ ಗುರು ಸೈಯದ್ ಅಬ್ದುಲ್ ರಹೀಮ್. ಬೀದರ, ರಾಯಚೂರು, ಕಲಬುರಗಿಗಳನ್ನು ಒಳಗೊಂಡಿದ್ದ ಅಂದಿನ ಹೈದರಾಬಾದಿನವರು, ಶಾಲಾಶಿಕ್ಷಕರಾಗಿದ್ದವರು. ಇಂದಿನ ಲೆಕ್ಕದಲ್ಲಾದರೆ ವಿಮಾನದಿಂದ ಇಳಿಯುವ ಮೊದಲೇ ಅವರ ಕೈಗೆ ಕಾಗದ ತಲಪುತ್ತಿತ್ತು. ಆದರೆ 1956ರಲ್ಲಿ ಮೆಲ್ಬರ್ನಿಗೆ ಹೋದ ತಂಡಕ್ಕೂ ರಹೀಮರೇ ಗುರು. ನಮ್ಮ ನಾಡಿನ ಕೆಂಪಯ್ಯನವರೂ ಇದ್ದ ಆ ತಂಡ ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿ, ನಾಲ್ಕನೆಯ ಸ್ಥಾನ ಪಡೆಯಿತು. ಒಲಿಂಪಿಕ್ ಕಾಲ್ಚೆಂಡಿನಲ್ಲಿ ಭಾರತ ಅದಕ್ಕಿಂತ ಮೇಲೆ ಏರಿಲ್ಲ. 1962ರಲ್ಲಿ ಜಕಾರ್ತದಲ್ಲಿ ದಕ್ಷಿಣ ಕೊರಿಯವನ್ನು 2–1ರಿಂದ ಸೋಲಿಸಿ ಏಷ್ಯದ ಚಿನ್ನ ಗೆದ್ದಾಗಲೂ ಗುರು ಅವರೇ. ಕ್ಯಾನ್ಸರು ಆಗಲೇ ಅವರ ದೇಹವನ್ನು ಹಿಡಿದಿತ್ತು. 1963ರ ಜೂನಿನಲ್ಲಿ ತೀರಿಕೊಂಡರು.

ಇನ್ನೊಂದು ದೃಷ್ಟಾಂತ ನಮ್ಮ ಇಬ್ಬರು ಕನ್ನಡಿಗರದು. ಅನಿಲ್ ಕುಂಬ್ಳೆಯವರು 2016ರ ಜೂನಿನಲ್ಲಿ ಭಾರತದ ಕ್ರಿಕೆಟ್ ತಂಡದ ಮುಖ್ಯ ತರಬೇತುದಾರರಾದರು. ಅವರ ಅವಧಿಯ 17 ಟೆಸ್ಟುಗಳಲ್ಲಿ 12 ಗೆಲುವು, ಒಂದೇ ಸೋಲು. ಒಂದು ವರ್ಷ ತುಂಬುವಷ್ಟರಲ್ಲಿ, 2017ರ ಜೂನಿನಲ್ಲಿ, ತಮ್ಮ ರೀತಿಯ ಬಗೆಗೆ ನಾಯಕನಿಗೆ ಆಕ್ಷೇಪಣೆಗಳಿವೆ ಎಂದು ತಿಳಿದು ಅವರೇ ರಾಜೀನಾಮೆ ಕೊಟ್ಟರು. ರಾಹುಲ್ ದ್ರಾವಿಡರ ತಂಡವಾದರೋ 2022ರಲ್ಲಿ ಟಿ-20 ವಿಶ್ವಕಪ್ಪಿನ ಉಪಾಂತ್ಯದಲ್ಲಿ ಸೋತಿತು. 2023ರ ನವೆಂಬರ್ 19ರಂದು, ಹತ್ತು ಪಂದ್ಯಗಳನ್ನು ಒಂದೇ ಸಮನೆ ಗೆದ್ದು ಬಂದು, ವಿಶ್ವಕಪ್ಪಿನ ಅಂತಿಮ ಪಂದ್ಯವನ್ನು ಕಳೆದುಕೊಂಡಿತು. ಹತ್ತು ದಿನಗಳಲ್ಲಿಯೇ ಮಂಡಳಿ ಅವರ ಅವಧಿಯನ್ನು ಮುಂದುವರಿಸುವುದಾಗಿ ಸಾರಿತು. 2024ರ ಜೂನ್ 29ರಂದು ಬಾರ್ಬಡೋಸಿನಲ್ಲಿ ಆ ತಂಡ ಟಿ-20 ವಿಶ್ವಕಪ್ಪನ್ನು ಎತ್ತಿತು. ಗೆದ್ದವರು ಹೋದರು, ಸೋತವರು ಉಳಿದು ಗೆದ್ದರು. ಗೆಲುವು ಸೋಲುಗಳ ಎಣಿಕೆಯಿಂದ ಗುರುವಿನ ಯೋಗ್ಯತೆಯನ್ನು ಅಳೆಯುತ್ತೇವೆಂದು ಹೇಳುವ ನಾವು ನಿಜವಾಗಿ ಅದನ್ನೂ ಮಾಡುವುದಿಲ್ಲ.

ಹಾಗಾದರೆ ನಾವು ಮಾಡುತ್ತಿರುವುದೇನು? ಆ ದಿನ ನಮ್ಮ ಸಮಿತಿಯಲ್ಲಿ ಆದದ್ದನ್ನು ನೆನೆದಾಗ ನನಗೆ ತೋಚುವ ಉತ್ತರ ಇದು. ತಂಡ ಸೋತಿತ್ತು, ಯಾರಾದರೂ ಹೊಣೆಯಾಗಬೇಕಿತ್ತು. ಮೈದಾನದ ಅರ್ಧ ಭಾಗವನ್ನು ಕಟ್ಟಡಕ್ಕೆಂದು ಬಿಟ್ಟುಕೊಟ್ಟವರು ನಾವು. ಮೂರು ಚೆಂಡು ಕೇಳಿದರೆ ಒಂದನ್ನು ಮಂಜೂರು ಮಾಡಿದವರು ನಾವು. ಆಟಗಾರರ ಹಾಜರಿಯ ತೊಡಕನ್ನು ಬಿಡಿಸದೆ ಬಿಟ್ಟವರೂ ನಾವೇ. ಇವೆಲ್ಲವನ್ನೂ ಚರ್ಚಿಸಹೊರಟರೆ ನಮ್ಮ ನಮ್ಮ ಮುಖಗಳನ್ನೇ ನೋಡಿಕೊಳ್ಳಬೇಕಾಗುತ್ತಿತ್ತು. ಅದಕ್ಕಿಂತ ಹೊರಗಿನಿಂದ ಬಂದ, ಸೇವಾಭದ್ರತೆಯಿಲ್ಲದ ಒಬ್ಬನನ್ನು ಕಳುಹಿಸುವುದು ಹಗುರ. ಅವನೊಡನೆ ನಮ್ಮ ಹೊಣೆಯೂ ಅದೇ ಬಸ್ಸು ಹತ್ತಿ ಹೋಯಿತೆಂದು ನೆಮ್ಮದಿಪಟ್ಟೆವು. ತರಬೇತುದಾರರನ್ನು ಮತ್ತೆ ಮತ್ತೆ ಬದಲಿಸುವ ಸಂಸ್ಥೆಗಳಲ್ಲಿ, ಬದಲಿಸುವವರು ಮಾತ್ರ ಬದಲಾಗದೆ ಉಳಿಯುವುದನ್ನು ವಾಚಕರು ಗಮನಿಸಿರಬಹುದು. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ನಾವಾದರೋ ನೆಲವನ್ನು ಡೊಂಕಾಗಿಟ್ಟು, ಕುಣಿಸುವವನನ್ನು ಓಡಿಸುತ್ತೇವೆ.

ಇದಕ್ಕೆ ಎದುರುವಾದವಿಲ್ಲದಿಲ್ಲ. ತರಬೇತುದಾರನೆಂಬವನು ಪ್ರಶ್ನಾತೀತನೆ? ಅವನು ಸೋಮಾರಿಯಾಗಿದ್ದರೆ, ಪಕ್ಷಪಾತಿಯಾಗಿದ್ದರೆ, ಕಾಲಕ್ಕೆ ತಕ್ಕ ವಿದ್ಯೆಯಿಲ್ಲದವನಾಗಿದ್ದರೆ ಮೂರು ವರ್ಷ ಸಹಿಸಬೇಕೆ? ಹೊಸಬರಿಂದ ಲಾಭವಾದದ್ದೂ ಉಂಟಲ್ಲವೆ? ಉಂಟು. 2023ರಲ್ಲಿ ರೀಡ್ ಅವರ ಜಾಗಕ್ಕೆ ಬಂದ ಕ್ರೇಗ್ ಫುಲ್ಟನ್ ಅವರ ಕೈಯಲ್ಲಿ ನಮ್ಮ ಹಾಕಿ ತಂಡ ಮರುವರ್ಷ ಪ್ಯಾರಿಸಿನಲ್ಲಿ ಮತ್ತೆ ಕಂಚು ಗೆದ್ದಿತು. ಹಿಂದಿನವರು ನಾಲ್ಕು ವರ್ಷ ಹದಮಾಡಿದ ನೆಲದಲ್ಲಿ ಬಿತ್ತಿದ್ದರಿಂದ ಫಲ ಬೇಗ ಬಂತು ಎಂದು ನಾನು ಹೇಳಬಹುದು. ಹೊಸಬರ ಸಾಮರ್ಥ್ಯವೇ ಕಾರಣವೆಂದು ಮತ್ತೊಬ್ಬರು ಹೇಳಬಹುದು. ಎರಡರಲ್ಲಿಯೂ ಸತ್ಯಾಂಶವಿದ್ದೀತು. ಇನ್ನು ವಿದ್ಯಾರ್ಥಿಗಳ ಮೈಮೇಲೆ ಕೈಮಾಡುವವನನ್ನು, ಹೆಣ್ಣುಮಕ್ಕಳೊಡನೆ ಅನುಚಿತವಾಗಿ ನಡೆದುಕೊಳ್ಳುವವನನ್ನು, ಆಯ್ಕೆಗೆ ಲಂಚ ಕೇಳುವವನನ್ನು ಒಂದು ದಿನವೂ ಇಟ್ಟುಕೊಳ್ಳಬಾರದು. ಅಂಥವನ ವಿಷಯದಲ್ಲಿ ತಾಳ್ಮೆಯೇ ಅಪರಾಧ. ನಾನು ಬೇಡುವುದು ತರಬೇತುದಾರನಿಗೆ ಅಭಯವನ್ನಲ್ಲ. ಅವನ ಕೆಲಸವನ್ನು ಅಳೆಯುವ ಕೋಲು ಅವನ ಕೆಲಸಕ್ಕೆ ತಕ್ಕದಾಗಿರಲಿ ಎಂದಷ್ಟೆ.

ನಮ್ಮ ಚನ್ನರಾಯಪಟ್ಟಣದ ಸೀಮೆಯಲ್ಲಿ ತೆಂಗಿನ ಸಸಿ ನೆಟ್ಟ ರೈತ ಮೊದಲ ವರ್ಷ ಕಾಯಿ ಕೇಳುವುದಿಲ್ಲ. ಹಾಗೆಂದು ಕಣ್ಣುಮುಚ್ಚಿ ಕುಳಿತಿರುವುದೂ ಇಲ್ಲ. ಹೊಸ ಗರಿ ಬಂತೆ, ಸುಳಿ ಹಸಿರಾಗಿದೆಯೆ, ಬುಡಕ್ಕೆ ನೀರು ತಾಕುತ್ತಿದೆಯೆ ಎಂದು ದಿನವೂ ನೋಡುತ್ತಾನೆ. ತರಬೇತುದಾರನ ವಿಷಯದಲ್ಲಿಯೂ ನೋಡಬೇಕಾದ ಗರಿ ಸುಳಿಗಳಿವೆ. ಹುಡುಗರು ಹೊತ್ತಿಗೆ ಸರಿಯಾಗಿ ಬರುತ್ತಿದ್ದಾರೆಯೆ? ಕಳೆದ ವರ್ಷಕ್ಕಿಂತ ಹೆಚ್ಚು ಮಂದಿ ಬರುತ್ತಿದ್ದಾರೆಯೆ? ಸೋತ ಮರುದಿನವೂ ಬರುತ್ತಿದ್ದಾರೆಯೆ? ಗಾಯಗಳು ಕಡಿಮೆಯಾಗಿವೆಯೆ? ಇದನ್ನು ತಿಳಿಯಲು ಸಮಿತಿಯವರು ವರ್ಷಕ್ಕೊಮ್ಮೆ ಫಲಿತಾಂಶದ ಹಾಳೆ ನೋಡಿದರೆ ಸಾಲದು. ತಿಂಗಳಿಗೊಮ್ಮೆ ಮೈದಾನದ ಅಂಚಿನಲ್ಲಿ ನಿಲ್ಲಬೇಕು. ಆ ವರ್ಷ ನಾನು ಒಂದು ಸಲವೂ ನಿಂತಿರಲಿಲ್ಲ.

ಆದಕಾರಣ ನಮ್ಮ ಕಾಲೇಜುಗಳ ಆಡಳಿತ ವರ್ಗದವರಲ್ಲಿಯೂ ಕ್ರೀಡಾ ಸಂಘಗಳವರಲ್ಲಿಯೂ ನನ್ನ ಬಿನ್ನಹ ಇಷ್ಟು. ತರಬೇತುದಾರರನ್ನು ಗೊತ್ತುಮಾಡುವುದಾದರೆ ಮೂರು ವರ್ಷಕ್ಕೆ ಕಡಿಮೆಯಿಲ್ಲದೆ ಗೊತ್ತುಮಾಡಲಿ. ಒಬ್ಬ ವಿದ್ಯಾರ್ಥಿ ಪದವಿ ಪಡೆದು ಹೊರಬೀಳುವಷ್ಟು ಕಾಲವಾದರೂ ಅವನ ಗುರು ನಿಲ್ಲಲಿ. ಮೊದಲ ದಿನವೇ ಏನನ್ನು ನಿರೀಕ್ಷಿಸುತ್ತೇವೆ, ಅದಕ್ಕಾಗಿ ಏನನ್ನು ಒದಗಿಸುತ್ತೇವೆ ಎಂಬುದನ್ನು ಕಾಗದದ ಮೇಲೆ ಬರೆದು ಇಬ್ಬರೂ ರುಜು ಹಾಕಲಿ. ತೆಗೆಯಲೇಬೇಕಾಗಿ ಬಂದರೆ ಅವನ ಮಾತನ್ನು ಕೇಳಿ, ಕಾರಣವನ್ನು ಬರೆದು ತೆಗೆಯಲಿ. ಒದಗಿಸುತ್ತೇವೆಂದವರು ಒದಗಿಸಿದರೆ ಇಲ್ಲವೆ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಲಿ. ಸಾಧ್ಯವಾದರೆ ಅವನ ಕೈಕೆಳಗೆ ಪಳಗಿದವನೊಬ್ಬನಿಗೇ ಹೊಣೆ ವಹಿಸಲಿ. ಹುಡುಗರು ಕಲಿತದ್ದನ್ನು ಮರೆಯಬೇಕಾಗುವುದಿಲ್ಲ. ಇದಕ್ಕೆ ಅಮೆರಿಕದ ಕೋಟಿಗಳು ಬೇಕಾಗಿಲ್ಲ.

ನಮ್ಮ ನಾಡಿಗೆ ಈ ಆಟದಲ್ಲಿ ಪರಂಪರೆಯಿಲ್ಲವೆಂದು ಯಾರೂ ಹೇಳಲಾರರು. ಮೈಸೂರು ತಂಡ 1946–47ರಿಂದ 1968–69ರೊಳಗೆ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತ್ತು. ಮತ್ತೆ ಅದು ಕರ್ನಾಟಕದ ಕೈಗೆ ಬಂದದ್ದು 2023ರ ಮಾರ್ಚಿನಲ್ಲಿ, ರಿಯಾದಿನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿದಾಗ. 54 ವರ್ಷಗಳ ಅಂತರ. ಆ ಅಂತರದಲ್ಲಿ ಹುಟ್ಟಿ, ಆಡಿ, ಆಟ ಬಿಟ್ಟ ಹುಡುಗರೆಷ್ಟೋ. ಅವರಲ್ಲಿ ಅರ್ಧ ಕಲಿಸಿ ಕೈಬಿಟ್ಟವರೆಷ್ಟೋ.

ಹುಡುಗರನ್ನು ಬೀಳ್ಕೊಟ್ಟು ನಾನು ಬಸದಿಯ ಬಳಿಗೆ ಹೋದೆ. 1200ರ ಸುಮಾರಿಗೆ, ವಸುಧೈಕಬಾಂಧವನೆಂಬ ಬಿರುದು ಹೊತ್ತ ರೇಚಣ ದಂಡನಾಯಕನು ಮಾಡಿಸಿದ ಕೆಲಸ ಅದು. ಹೊರಗೋಡೆಯ ಸುತ್ತ ಜಿನಬಿಂಬಗಳು, ಯಕ್ಷಯಕ್ಷಿಯರು, ನರ್ತಕಿಯರು, ವಾದ್ಯಗಾರರು ಸಾಲುಗೊಂಡು ನಿಂತಿದ್ದಾರೆ. ಒಂದು ಮೂರ್ತಿಯ ಮೊಗದ ಮೇಲೆ ಇಳಿಬಿಸಿಲು ಬಿದ್ದಿತ್ತು. ಮಾಡಿಸಿದವನು ದಂಡನಾಯಕ, ಯುದ್ಧದಲ್ಲಿ ಒಂದು ಹಗಲಿನ ಗೆಲುವು ಸೋಲುಗಳ ಬೆಲೆ ಅವನಿಗೆ ಚೆನ್ನಾಗಿ ಗೊತ್ತಿದ್ದೀತು. ಆದರೂ ಉಳಿ ಹಿಡಿದವನ ಬಳಿ ಅವನು ಆ ಅವಸರ ತೋರಿರಲಾರ. ತೋರಿದ್ದರೆ ಈ ಗೋಡೆ ಹೀಗೆ ಇರುತ್ತಿರಲಿಲ್ಲ.

ಕತ್ತಲಾಗುವ ಮುನ್ನ ಹಿಂದಿರುಗಿ ಬರುವಾಗ ಹುಡುಗರು ಇನ್ನೂ ಆಡುತ್ತಿದ್ದರು. ಆ ಎಡಗಾಲಿನ ಹುಡುಗ ನನ್ನನ್ನು ಕಂಡು ಕೈ ಬೀಸಿದ. ಮನೆಗೆ ಬಂದು ಹಳೆಯ ನೋಟುಪುಸ್ತಕವನ್ನು ತೆಗೆದು ನೋಡಿದೆ. ಮೂರನೆಯ ವರ್ಷ ನಾಯಕನಾಗಬಲ್ಲ ಎಂದು ಬರೆದಿದ್ದ ಹುಡುಗ ಆ ವರ್ಷವೇ ಆಟ ಬಿಟ್ಟಿದ್ದ. ಅದನ್ನು ಬರೆದವರ ಊರನ್ನು ವಿಚಾರಿಸಿಕೊಂಡಿದ್ದೇನೆ. ಬದುಕಿದ್ದಾರೆ ಎಂದು ತಿಳಿಯಿತು. ಬರುವ ವಾರ ಪುಸ್ತಕವನ್ನು ಅವರಿಗೆ ಒಪ್ಪಿಸಲು ಹೋಗಬೇಕೆಂದಿದ್ದೇನೆ. ತಡವಾಯಿತು, ಆದರೂ ಈ ಸಲ ಅವರ ಮಾತನ್ನು ಕೇಳಿ ಬರಬೇಕು.